ಜಲ್ಲಿ ಬಡಿಯುವ ಮೊದಲು ಫಿಶ್‌ಪ್ಲೇಟ್ ಬಿಚ್ಚಿ ನೋಡಿ: ನನ್ನ ಅನುಭವ

ನಾನು ನೋಡಿಕೊಳ್ಳುವ ಸೈಡಿಂಗ್, ಅಂದರೆ ಮುಖ್ಯ ರೈಲು ಮಾರ್ಗದಿಂದ ಕವಲೊಡೆದ ದಾರಿ, ಒಂದೂವರೆ ಕಿಲೋಮೀಟರ್ ಉದ್ದದ್ದು. 13 ಮೀಟರ್ ಹಳಿಗಳು, ಎರಡೂ ಬದಿ ಸೇರಿ ಸುಮಾರು 230 ಜಾಯಿಂಟ್‌ಗಳು. ಪ್ರತಿ ಜಾಯಿಂಟ್‌ನಲ್ಲೂ ಎರಡು ಹಳಿಗಳ ತುದಿಯನ್ನು ಬೋಲ್ಟ್ ಹಾಕಿ ಕೂಡಿಸುವ ಉಕ್ಕಿನ ಪಟ್ಟಿಗಳೇ ಫಿಶ್‌ಪ್ಲೇಟ್. ಬೆಸೆದು ಉದ್ದ ಹಳಿ ಮಾಡಿಸುವಷ್ಟು ಹಣ ಎಂದೂ ಮಂಜೂರಾಗಲಿಲ್ಲ, ಆಗುವ ಲಕ್ಷಣವೂ ಇಲ್ಲ. ಹನ್ನೊಂದು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ: ಕುಸಿದ ಜಾಯಿಂಟನ್ನು ಎತ್ತು, ಹಳಿ ಹೊರುವ ಅಡ್ಡ ತೊಲೆಯ, ಅಂದರೆ ಸ್ಲೀಪರ್‌ನ, ಅಡಿಗೆ ಜಲ್ಲಿ ಬಡಿ, ಮೂರು ನಾಲ್ಕು ವಾರ ಕಳೆದ ಮೇಲೆ ಅದೇ ಜಾಗಕ್ಕೆ ಜಲ್ಲಿ ಬಡಿಯುವ ಅದೇ ಬೀಟರ್ ಹೊತ್ತು ಬಾ. ಈಗ ಹದಿನಾಲ್ಕು ತಿಂಗಳಾಯಿತು, ಹತ್ತರಲ್ಲಿ ಎಂಟು ಜಾಯಿಂಟ್‌ಗಳನ್ನು ಮತ್ತೆ ಮುಟ್ಟಿಲ್ಲ. ಫಿಶ್‌ಪ್ಲೇಟ್‌ಗೆ ತಗಡಿನ ಚೂರು ಸಿಕ್ಕಿಸಿ ಹಳಿ ಎತ್ತಿ ನಿಲ್ಲಿಸಲು ಹೊರಟಿದ್ದಾನೆ ಎಂದು ನಕ್ಕವರು ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಣ್ಣಿಗೆ ಕಾಣುವ ಸವೆತದ ಹಿಂದೆ ಹೋಗಿ ನಾನು ತುಂಬ ದಿನ ಮೋಸಹೋದೆ. ತುಂಬಿದ ವ್ಯಾಗನ್‌ಗಳು ನಮ್ಮಲ್ಲಿ ಒಂದೇ ದಿಕ್ಕಿಗೆ ಓಡುತ್ತವೆ, ಮರಳುವಾಗ ಖಾಲಿ. ಹಾಗಾಗಿ ಸಂದು ದಾಟಿದ ಗಾಲಿಯ ಪೆಟ್ಟು ತಿನ್ನುವ ಮುಂದಿನ ಹಳಿಯ ತುದಿ ಮಾತ್ರ ಜಜ್ಜಿಹೋಗಿತ್ತು. ಕೆಲವೆಡೆ ಎರಡು ಮಿಲಿಮೀಟರ್‌ಗೂ ಹೆಚ್ಚು. ಅದನ್ನು ವೆಲ್ಡಿಂಗ್‌ನಲ್ಲಿ ತುಂಬಿಸಿದರೆ ಮುಗಿಯಿತು ಎಂದುಕೊಂಡೆ. ಕರೆಸಿದ ವೆಲ್ಡರ್ ಹಳಿಯನ್ನು ಸರಿಯಾಗಿ ಕಾಯಿಸದೆಯೇ ಕೆಲಸ ಶುರುಮಾಡಿದ, ನಾನೂ ತಡೆಯಲಿಲ್ಲ. ಹಳಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚು. ತಣ್ಣಗಿನ ಹಳಿಗೆ ಬಿಸಿ ಲೋಹ ಬಿದ್ದು ಥಟ್ಟನೆ ಆರಿದರೆ ಗಾಜಿನಂತೆ ಪೆಡಸಾಗುತ್ತದೆ. ಮೂವತ್ತು ಜಾಯಿಂಟ್‌ಗಳಲ್ಲಿ ಹತ್ತೊಂಬತ್ತೋ ಇಪ್ಪತ್ತೋ ತಿಂಗಳೊಳಗೆ ಹೆಕ್ಕಳಿಕೆಯಾಗಿ ಎದ್ದುಬಂದವು. ನಾಲ್ಕು ಹಳಿಗಳ ತುದಿ ಕತ್ತರಿಸಿ ಹೊಸದಾಗಿ ತೂತು ಕೊರೆಯಬೇಕಾಯಿತು. ಆ ವರ್ಷದ ನಿರ್ವಹಣೆ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಹೋಯಿತು.

ಎರಡನೆಯ ತಪ್ಪು ಇನ್ನೂ ನಾಚಿಕೆಗೇಡಿನದು. ಬೋಲ್ಟ್ ಸಡಿಲವಾಗುತ್ತಿದೆಯಲ್ಲ ಎಂದು ಸ್ಪ್ಯಾನರ್‌ಗೆ ಉದ್ದದ ಪೈಪ್ ಹಾಕಿ ಬಿಗಿಸಿದೆವು. 13 ಮೀಟರ್ ಹಳಿ 40 ಡಿಗ್ರಿ ಏರಿಳಿತಕ್ಕೆ ಆರು ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ. ಜಾಯಿಂಟ್‌ಗಳು ಕಚ್ಚಿಕೊಂಡವು. ಬಿಸಿಲಿಗೆ ಒಂದು ಕಡೆ ಹಳಿ ಪಕ್ಕಕ್ಕೆ ಸೊಟ್ಟಗಾಯಿತು. ಅದು ನನ್ನ ಕಣ್ಣಿಗೇ ಮೊದಲು ಬಿದ್ದದ್ದು ಪುಣ್ಯ.

ಸರಿಪಡಿಸಲು ಬಿಚ್ಚಿದಾಗಲೇ ನಿಜವಾದ ಸವೆತ ಕಂಡದ್ದು. ಫಿಶ್‌ಪ್ಲೇಟ್ ಹಳಿಯ ತಲೆಗೂ ಪಾದಕ್ಕೂ ನಡುವೆ ಬೆಣೆಯಂತೆ ಕೂರಬೇಕು. ನಮ್ಮ ಪ್ಲೇಟ್‌ಗಳ ಮೇಲಂಚು ನಟ್ಟನಡುವೆ, ಸಂದಿಯ ಕೆಳಗೆ, ತಟ್ಟೆಯಂತೆ ತೆಗ್ಗಾಗಿತ್ತು; ಹಳಿಯ ತಲೆಯ ಕೆಳಭಾಗವೂ ತುದಿಯಲ್ಲಿ ಸವೆದಿತ್ತು. ಕೆಲವು ಪ್ಲೇಟ್‌ಗಳು ಒಳಕ್ಕೆ ಸರಿದು ಹಳಿಯ ಸೊಂಟವನ್ನೇ ಮುಟ್ಟಿದ್ದವು. ಅಲ್ಲಿಗೆ ಮುಟ್ಟಿದ ಮೇಲೆ ನಟ್ ಎಷ್ಟು ತಿರುಗಿಸಿದರೂ ಕೈಗೆ ಬಿಗಿ ಎನಿಸುತ್ತದೆ, ಹಳಿಗೆ ಮಾತ್ರ ಹಿಡಿತವಿಲ್ಲ. ಪ್ರತಿ ಗಾಲಿಗೂ ಹಳಿಯ ತುದಿ ಆ ಪೊಳ್ಳಿನೊಳಗೆ ಕುಕ್ಕರಿಸುತ್ತದೆ, ಆ ಗುದ್ದು ಸ್ಲೀಪರ್‌ಗೆ, ಸ್ಲೀಪರ್‌ನಿಂದ ಜಲ್ಲಿಗೆ. ಹನ್ನೊಂದು ವರ್ಷ ನಾನು ಬಡಿದದ್ದು ರೋಗಕ್ಕಲ್ಲ, ನೆರಳಿಗೆ.

ಎಲ್ಲ ಪ್ಲೇಟ್‌ಗಳನ್ನೂ ಹೊಸದು ಮಾಡಿ ಎಂದರು ಮೇಲಿನವರು, ಹಣ ಕೇಳಿದಾಗ ಸುಮ್ಮನಾದರು. ಆದರೆ ಹೊಸ ಪ್ಲೇಟ್ ಬಂದರೂ ಹಳಿಯ ಕಡೆಯ ಸವೆತ ಹಾಗೆಯೇ ಉಳಿಯುತ್ತದೆ. ನಾನು ಒಂದೇ ಒಂದು ಹೊಸ ಪ್ಲೇಟ್ ತರಿಸಿ ಅದನ್ನು ಅಳತೆಗೋಲು ಮಾಡಿಕೊಂಡೆ. ಅದನ್ನು ಹಳಿಗೆ ಒತ್ತಿ ಹಿಡಿದು, ಎರಡರ ನಡುವಿನ ಪೊಳ್ಳಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ ಹಳಿಯ ಸವೆತ. ಹಳೆಯ ಪ್ಲೇಟ್ ಮೇಲೆ ನೇರಪಟ್ಟಿ ಇಟ್ಟರೆ ಪ್ಲೇಟಿನ ಸವೆತ. ಎರಡನ್ನೂ ಕೂಡಿದರೆ ಪೊಳ್ಳು ತುಂಬಲು ತೂರಿಸುವ ತಗಡಿನ ಚೂರಿನ, ಅಂದರೆ ಶಿಮ್‌ನ, ದಪ್ಪ. ನಮ್ಮಲ್ಲಿ ಮುಕ್ಕಾಲಿನಿಂದ ಎರಡು ಮಿಲಿಮೀಟರ್‌ವರೆಗೆ ಬಂತು.

ಮೊದಲು ಸಮದಪ್ಪದ ತಗಡು ಹಾಕಿ ಮತ್ತೆ ಕೆಟ್ಟೆ. ಪ್ಲೇಟ್ ಸವೆಯದ ತುದಿಗಳ ಮೇಲೆ ಎತ್ತಿಕೊಂಡು ಕೂತಿತು, ನಡುವೆ ಪೊಳ್ಳು ಉಳಿದೇ ಇತ್ತು. ಸಂದಿಯ ಬಳಿ ದಪ್ಪ, ದೂರ ಹೋದಂತೆ ಕಾಗದದಷ್ಟು ತೆಳು, ಹೀಗೆ ಉಜ್ಜಿದ ಶಿಮ್ ಮಾತ್ರ ನಿಂತಿತು. ಪ್ರತಿ ಜಾಯಿಂಟ್‌ಗೂ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಒಟ್ಟು ಖರ್ಚು ಹೊಸ ಪ್ಲೇಟ್‌ಗಳಿಗೆ ಆಗುತ್ತಿದ್ದುದರ ಹತ್ತನೇ ಒಂದು ಭಾಗ ಇರಬಹುದು; ಕೂಲಿ ಮಾತ್ರ ಜಾಸ್ತಿ. ಶಿಮ್ ಹೊರಕ್ಕೆ ತೆವಳದಂತೆ ಹಿಡಿಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು, ಇಲ್ಲಿ ಬಿಟ್ಟುಕೊಡುವುದಿಲ್ಲ. ಗ್ರೀಸ್‌ಗೆ ಗ್ರಾಫೈಟ್ ಎಷ್ಟು ಬೆರೆಸುತ್ತೇನೆ ಎಂಬುದನ್ನೂ.

ಶಿಮ್ ಹಾಕಿ, ಗ್ರೀಸ್ ಬಳಿದು, ನಡುವಿನ ಎರಡು ಬೋಲ್ಟ್ ಮೊದಲು, ಆಮೇಲೆ ಹೊರಗಿನವು. ಪೈಪ್ ಮುಟ್ಟುವಂತಿಲ್ಲ. ಎರಡು ದಿನ ವ್ಯಾಗನ್ ಓಡಲಿ, ಮತ್ತೊಮ್ಮೆ ಬಿಗಿಸಿ. ಜಲ್ಲಿಯ ಕೆಲಸ ಕಟ್ಟಕಡೆಗೆ. ಈ ಸರದಿಯ ಬಗ್ಗೆಯೇ ಹಳಿ ಕೆಲಸದ ಗ್ಯಾಂಗಿನ ಹಳಬರೊಂದಿಗೆ ದೊಡ್ಡ ಜಗಳ ಆದದ್ದು. ಕೊನೆಗೆ ಪಂದ್ಯ ಕಟ್ಟಿದಂತೆ ಹತ್ತು ಜಾಯಿಂಟ್ ಅವರ ರೀತಿ, ಹತ್ತು ನನ್ನ ರೀತಿ ಮಾಡಿ, ಸ್ಲೀಪರ್ ಪಕ್ಕ ಕಬ್ಬಿಣದ ಗೂಟ ಹೊಡೆದು ಹಸಿ ಜೇಡಿಮಣ್ಣಿನ ಉಂಡೆ ಇಟ್ಟು, ಸ್ಲೀಪರ್ ಎಷ್ಟು ತಗ್ಗುತ್ತದೆ ಎಂದು ಅಚ್ಚು ತೆಗೆದೆವು. ಆರು ವಾರದ ನಂತರ ಅವರದ್ದು ಎಂಟು ಒಂಬತ್ತು ಮಿಲಿಮೀಟರ್, ನನ್ನದು ಮೂರರ ಆಸುಪಾಸು. ಒಂದು ಉಂಡೆಯನ್ನು ನಾಯಿ ಕಿತ್ತುಹಾಕಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊಬೈಲ್‌ನಲ್ಲಿ ಸದ್ದು ಮುದ್ರಿಸಿ ಕೆಟ್ಟ ಜಾಯಿಂಟ್ ಗುರುತಿಸಬಹುದೇ ಎಂದೂ ನೋಡಿದೆ. ವ್ಯಾಗನ್‌ನ ಗಾಲಿಯೇ ಚಪ್ಪಟೆಯಾಗಿದ್ದರೆ ಎಲ್ಲ ಜಾಯಿಂಟೂ ಕೆಟ್ಟದ್ದೇ ಎನಿಸುತ್ತದೆ, ಕೈಬಿಟ್ಟೆ. ನಟ್‌ನಿಂದ ಪ್ಲೇಟ್‌ವರೆಗೆ ಬಿಳಿ ಬಣ್ಣದ ಗೆರೆ ಎಳೆಯುವುದು ಅದಕ್ಕಿಂತ ಎಷ್ಟೋ ಮೇಲು. ಗೆರೆ ಮುರಿದಿದ್ದರೆ ನಟ್ ತಿರುಗಿದೆ, ಅಷ್ಟೇ.

ಸೋತದ್ದೂ ಇದೆ. ಹಳಿಯ ತುದಿಯೇ ಕೆಳಕ್ಕೆ ಬಾಗಿಹೋದ ಕಡೆ ಶಿಮ್ ಏನೂ ಮಾಡಲಿಲ್ಲ, ತುದಿ ಕತ್ತರಿಸಿದೆ. ಸಿಗ್ನಲ್ ವಿದ್ಯುತ್ ದಾಟದಂತೆ ನಿರೋಧಕ ಹಾಕಿದ ಆರು ಜಾಯಿಂಟ್‌ಗಳಿಗೆ ಲೋಹದ ಶಿಮ್ ಸೇರಿಸುವಂತೆಯೇ ಇಲ್ಲ. ಅವುಗಳ ಅಡಿಗೆ ಮಾತ್ರ ಇವತ್ತಿಗೂ ತಿಂಗಳಿಗೊಮ್ಮೆ ಬೀಟರ್ ಹೊತ್ತು ಹೋಗುತ್ತೇನೆ. ಹಳಬರು ನೋಡಿ ನಗುತ್ತಾರೆ.