ಉತ್ತ ಹೊಲದಲ್ಲಿ ಹಳೆಯ ನಾಣ್ಯ: ಮೆಟಲ್ ಡಿಟೆಕ್ಟರ್ ಹೊಂದಿಸುವುದು ಹೇಗೆ?

ಇಂಗ್ಲೆಂಡಿನಲ್ಲಿ ಗೋಧಿ ಕೊಯ್ಲು ಮುಗಿದು ಹೊಲ ಬರಿದಾದ ಮೇಲೆ, ಹೆಡ್‌ಫೋನ್ ಸಿಕ್ಕಿಸಿಕೊಂಡು ಡಿಟೆಕ್ಟರ್ ಬೀಸುತ್ತ ನಿಧಾನವಾಗಿ ನಡೆಯುವವರು ಅಲ್ಲಲ್ಲಿ ಕಾಣಿಸುತ್ತಾರೆ. ಅವರು ಅರಸುವುದು ರೋಮನ್ನರ ಕಂಚಿನ ನಾಣ್ಯವನ್ನು, ಮಧ್ಯಯುಗದ ಬೆಳ್ಳಿ ಪೆನ್ನಿಯನ್ನು. ಅಲ್ಲಿ ನೆಲೆಸಿದ್ದು, ಈ ಹವ್ಯಾಸಕ್ಕೆ ಇಳಿಯಬೇಕೆನ್ನುವ ಕನ್ನಡಿಗರಿಗಾಗಿ ಈ ಟಿಪ್ಪಣಿ.

ಎಲ್ಲಕ್ಕಿಂತ ಮೊದಲು ಹೊಲದ ಒಡೆಯರ ಅನುಮತಿ. ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳುವುದೆಂದು ಅವರೊಂದಿಗೆ ಕಾಗದದಲ್ಲಿ ಬರೆದುಕೊಳ್ಳಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿಯಿಲ್ಲದೆ ಡಿಟೆಕ್ಟರ್ ಬಳಸುವುದು 1979ರ ಕಾಯ್ದೆಯಂತೆ ಅಪರಾಧ. ರಜೆಗೆಂದು ಊರಿಗೆ ಬಂದಾಗ ಯಂತ್ರವನ್ನು ಜೊತೆಗೆ ತರಬೇಡಿ. ನಿಧಿಯಾಸೆಗೆ ಹಳೆಯ ಗುಡಿಗಳ ಗರ್ಭಗುಡಿಯನ್ನೇ ಅಗೆದವರು ನಮ್ಮಲ್ಲಿದ್ದಾರೆ. ಆ ಹಾವಳಿಗೆ ಇನ್ನೊಂದು ದಾರಿ ತೆರೆಯುವುದು ಬೇಡ.

ಯಂತ್ರ ಕೊಂಡ ದಿನವೇ ಹೊಲಕ್ಕೆ ಓಡದೆ, ಹಿತ್ತಲಿನಲ್ಲಿ ಒಂದು ಬೆಳ್ಳಿಯ ನಾಣ್ಯ, ಒಂದು ತಾಮ್ರದ ನಾಣ್ಯ, ತುಕ್ಕು ಹಿಡಿದ ಮೊಳೆ, ಚಾಕಲೇಟಿಗೆ ಸುತ್ತುವ ಲೋಹದ ಹಾಳೆ, ಸೀಸದ ಚೂರು ಇಷ್ಟನ್ನು ದೂರ ದೂರ ಇಟ್ಟು ಅವುಗಳ ಮೇಲೆ ಕಾಯಿಲ್ (ಯಂತ್ರದ ತುದಿಯಲ್ಲಿರುವ ತಟ್ಟೆ) ಆಡಿಸಿ. ಕಂಪನಿ ಕೊಟ್ಟ ಮೂಲ ಪ್ರೋಗ್ರಾಂ ಇರಲಿ. ಲೋಹದ ಬಗೆಯನ್ನು ಸೂಚಿಸುವ ಪರದೆಯ ಅಂಕಿಯನ್ನು ಆಮೇಲೆ ನೋಡಿದರಾಯಿತು, ಮೊದಲು ಸದ್ದು ಕಿವಿಗೆ ಹತ್ತಬೇಕು. ಸೆಟ್ಟಿಂಗ್‌ಗಳನ್ನು ಒಂದೊಂದಾಗಿಯೇ ಬದಲಿಸಿ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹೊಲದಲ್ಲಿ ಮೊದಲ ಕೆಲಸ ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನಲ್ಲಿಯೂ ಕಬ್ಬಿಣದ ಅಂಶವಿರುತ್ತದೆ, ಯಂತ್ರ ಅದಕ್ಕೂ ದನಿಗೊಡುತ್ತದೆ. ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ನೆಲದ ಹತ್ತಿರದಿಂದ ಒಂದು ಗೇಣು ಮೇಲಕ್ಕೆ ಎತ್ತಿ ಇಳಿಸುತ್ತಿರಿ. ಎತ್ತಿದಾಗಲೂ ಇಳಿಸಿದಾಗಲೂ ಸದ್ದು ಒಂದೇ ಸಮನಾದರೆ ಮಣ್ಣಿಗೆ ಯಂತ್ರ ಹೊಂದಿಕೊಂಡಿತು. ಮಣ್ಣಿನ ಬಣ್ಣ ಬದಲಾದ ಕಡೆ ಇದನ್ನು ಮತ್ತೆ ಮಾಡಿ. ನಂತರ ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ. ಹೆಚ್ಚಿಸಿದಷ್ಟೂ ಆಳ ಸಿಗುತ್ತದೆಂದು ಪೂರ್ತಿ ಏರಿಸುವವರಿದ್ದಾರೆ. ಯಂತ್ರ ಸುಮ್ಮಸುಮ್ಮನೆ ಗಲಾಟೆ ಮಾಡತೊಡಗಿದರೆ ಆಳದ ನಾಣ್ಯದ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಗಲಾಟೆ ನಿಲ್ಲುವಷ್ಟಕ್ಕೆ ಇಳಿಸಿ, ಅಲ್ಲೇ ಬಿಡಿ. ಹತ್ತಿರ ವಿದ್ಯುತ್ ತಂತಿಗಳಿದ್ದರೆ ಇನ್ನಷ್ಟು ಇಳಿಸಬೇಕಾದೀತು.

ಹೊಸಬರ ಕೈಯಿಂದ ನಾಣ್ಯ ತಪ್ಪಿಹೋಗುವುದು ಬಹುಮಟ್ಟಿಗೆ ಡಿಸ್ಕ್ರಿಮಿನೇಷನ್ ಸೆಟ್ಟಿಂಗ್‌ನಲ್ಲಿ. ಬೇಡದ ಲೋಹಕ್ಕೆ ಯಂತ್ರ ಬಾಯಿ ತೆರೆಯದಂತೆ ಮಾಡುವ ಸೌಕರ್ಯ ಇದು. ಮೊಳೆ, ಲಾಳ ಅಗೆದು ಬೇಸತ್ತವರು ಇದನ್ನು ಏರಿಸುತ್ತಾರೆ, ಹೊಲ ಸದ್ದಿಲ್ಲದಾಗುತ್ತದೆ, ನಾಣ್ಯವೂ ಸದ್ದಿಲ್ಲದಾಗುತ್ತದೆ. ಕಾರಣ ನಾಣ್ಯದಲ್ಲೇ ಇದೆ. ಮಧ್ಯಯುಗದ ಬೆಳ್ಳಿ ಪೆನ್ನಿ ಒಂದೂವರೆ ಗ್ರಾಂ ಕೂಡ ತೂಗದ ತೆಳು ಬಿಲ್ಲೆ. 1279ರಲ್ಲಿ ಮೊದಲನೆಯ ಎಡ್ವರ್ಡ್ ನಾಣ್ಯಪದ್ಧತಿಯನ್ನು ಸುಧಾರಿಸುವವರೆಗೆ ಚಿಲ್ಲರೆಗಾಗಿ ಅದನ್ನೇ ಎರಡು ಹೋಳು, ನಾಲ್ಕು ಹೋಳು ಮಾಡುತ್ತಿದ್ದರು. ಇಡೀ ಬೆಳ್ಳಿಗೆ ಪರದೆಯಲ್ಲಿ ದೊಡ್ಡ ಅಂಕಿ ಬರುತ್ತದೆ ನಿಜ. ಕಾಲು ಪೆನ್ನಿಯ ಚೂರಿನ ಅಂಕಿ ಮಾತ್ರ ಚಾಕಲೇಟಿನ ಹಾಳೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಹಾಳೆ ಬೇಡವೆಂದರೆ ಅದೂ ಹೋಯಿತು. ಆದ್ದರಿಂದ ಕಬ್ಬಿಣವನ್ನೂ ಪೂರ್ತಿ ಅಡಗಿಸದೆ, ಅದಕ್ಕೆ ತಗ್ಗಿದ ಗೊಗ್ಗರು ದನಿ ಕೊಟ್ಟು ಕೇಳುತ್ತಲೇ ಇರಿ ಎಂಬುದು ನನ್ನ ಸಲಹೆ. ಮೊದಲ ಕೆಲವು ತಿಂಗಳು ಕಬ್ಬಿಣವಲ್ಲದ್ದನ್ನೆಲ್ಲ ಅಗೆಯಿರಿ. ಕಿವಿ ಪಳಗಲು ಬೇರೆ ದಾರಿಯಿಲ್ಲ.

ಅನುಮಾನದ ದನಿ ಬಂದರೆ ನಿಂತಲ್ಲಿಂದ ಕಾಲು ಸುತ್ತು ತಿರುಗಿ ಅದೇ ಜಾಗದ ಮೇಲೆ ಮತ್ತೆ ಬೀಸಿ. ಚಪ್ಪಟೆಯಾಗಿ ಮಲಗಿದ ನಾಣ್ಯ ಯಾವ ಕಡೆಯಿಂದಲೂ ಒಂದೇ ದನಿ ಕೊಡುತ್ತದೆ. ಮೊಳೆ ಒಂದು ಕಡೆಯಿಂದ ಟಿಣ್ ಎಂದರೂ ಇನ್ನೊಂದು ಕಡೆಯಿಂದ ಹರಿದ ಸದ್ದು ಮಾಡುತ್ತದೆ. ಉಗಿ ಎಂಜಿನ್ನಿನಿಂದ ಉಳುತ್ತಿದ್ದ ಕಾಲದ ಸುಟ್ಟ ಕಲ್ಲಿದ್ದಲ ತುಣುಕುಗಳೂ ಕೆಲವು ಹೊಲಗಳಲ್ಲಿವೆ. ಅವೂ ಮೋಸದ ದನಿ ಕೊಡುತ್ತವೆ.

ರಿಕವರಿ ಸ್ಪೀಡ್ ಎಂದರೆ ಒಂದು ವಸ್ತುವಿನ ದನಿ ಮುಗಿಸಿ ಮುಂದಿನದಕ್ಕೆ ಯಂತ್ರ ಅಣಿಯಾಗುವ ವೇಗ. ಹಳೆಯ ಮನೆಗಳಿದ್ದ, ಮೊಳೆ ತುಂಬಿದ ಜಾಗದಲ್ಲಿ ಇದನ್ನು ಹೆಚ್ಚಿಸಿದರೆ ಎರಡು ಮೊಳೆಗಳ ನಡುವಿನ ನಾಣ್ಯವೂ ಕೇಳಿಸುತ್ತದೆ. ಆದರೆ ಆಳ ಸ್ವಲ್ಪ ಕಡಿಮೆಯಾಗುತ್ತದೆ. ಕಸವಿಲ್ಲದ ಹೊಲದಲ್ಲಿ ತಗ್ಗಿಸಬಹುದು. ಆವರ್ತನವನ್ನು (ಫ್ರೀಕ್ವೆನ್ಸಿ) ಆರಿಸುವ ಯಂತ್ರವಾದರೆ, ಸಣ್ಣ ಚೂರುಗಳಿಗೆ ಹೆಚ್ಚಿನದು, ಆಳದ ದೊಡ್ಡ ನಾಣ್ಯಗಳಿಗೆ ಕಡಿಮೆಯದು ಒಳ್ಳೆಯದು.

ಇವೆಲ್ಲ ಸರಿಯಿದ್ದೂ ಕಾಯಿಲ್ ಎತ್ತರದಲ್ಲಿ ತೇಲುತ್ತಿದ್ದರೆ ಪ್ರಯೋಜನವಿಲ್ಲ. ಕೂಳೆ ಎತ್ತರವಿದ್ದರೆ, ಹೊಲ ಉತ್ತು ಹೆಂಟೆ ಒಡೆದು ಸಮತಟ್ಟು ಮಾಡುವವರೆಗೆ ಕಾಯುವುದೇ ಲೇಸು. ಮಳೆ ಬಿದ್ದು ನೆಲ ತೇವವಾಗಿದ್ದರೆ ದನಿ ಇನ್ನೂ ಚೆನ್ನಾಗಿ ಬರುತ್ತದೆ.

ಸಿಕ್ಕ ನಾಣ್ಯವನ್ನು ಬೆರಳಿನಿಂದ ಉಜ್ಜಬೇಡಿ. ಕಿಲುಬಿನೊಂದಿಗೆ ಅಕ್ಷರಗಳೂ ಅಳಿಯುತ್ತವೆ. ಸಿಕ್ಕಿದ ಸ್ಥಳವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿ, ಗುಂಡಿ ಮುಚ್ಚಿ, ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ. ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಅಥವಾ ಬೆಳ್ಳಿಯ ನಾಣ್ಯಗಳು ಎರಡು, ಬೇರೆ ಲೋಹದವಾದರೆ ಹತ್ತು ಒಂದೇ ಕಡೆ ಸಿಕ್ಕಿದರೆ ಅದು 1996ರ ಕಾಯ್ದೆಯಂತೆ ನಿಧಿ. 14 ದಿನಗಳೊಳಗೆ, ನಿಧಿಯ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್‌ಗೆ ತಿಳಿಸಬೇಕು.

ನೇಗಿಲು ತಾಗುವ ಮಣ್ಣಿನಿಂದ ಕೆಳಕ್ಕೆ ದನಿ ಇಳಿಯುತ್ತಿದ್ದರೆ ಸಲಿಕೆ ಕೆಳಗಿಟ್ಟು ಪುರಾತತ್ತ್ವಜ್ಞರನ್ನು ಕರೆಯಿರಿ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಅವರು ಮಡಕೆಯೊಂದರ ಅಂಚು ಕಂಡೊಡನೆ ಅಗೆಯುವುದನ್ನು ನಿಲ್ಲಿಸಿದರು. ಅದರಲ್ಲಿದ್ದವು 52,503 ರೋಮನ್ ನಾಣ್ಯಗಳು. ತಜ್ಞರು ಪದರ ಪದರವಾಗಿ ತೆಗೆದಾಗ, ಕೊನೆಯ ಕಾಲದ ನಾಣ್ಯಗಳಲ್ಲಿ ಹೆಚ್ಚಿನವು ಮಡಕೆಯ ಬಾಯಲ್ಲಿರದೆ ಕೆಳಗಿನ ಪದರದಲ್ಲಿದ್ದವು. ಅದು ವರ್ಷಗಟ್ಟಲೆ ಮೇಲಿಂದ ಮೇಲೆ ಹಾಕುತ್ತ ಬಂದ ಉಳಿತಾಯವಲ್ಲವೆಂದು ತಿಳಿದದ್ದು ಹಾಗೆ.