ಬನವಾಸಿ ಸೀಮೆಯ ಕೆರೆಯಲ್ಲಿ ಮೀನು ಸಾಕಣೆ: ನೀರಿನ ಗೆರೆ ಒಪ್ಪಿದ ಮೇಲೆ

ಉತ್ತರ ಕನ್ನಡದಲ್ಲಿ ಮೀನಿನ ಮಾತು ಬಂದರೆ ಕಾರವಾರ, ಅಂಕೋಲೆ, ಕುಮಟೆಯ ಕಡಲೇ ನೆನಪಾಗುತ್ತದೆ. ಆದರೆ ಶಿರಸಿಯ ಪೂರ್ವಕ್ಕಿರುವ ಬನವಾಸಿ ಸೀಮೆಯಲ್ಲೂ ಅದರ ಉತ್ತರದ ಮುಂಡಗೋಡದಲ್ಲೂ ಕೆರೆಗಳು ಬಹಳ, ಅವುಗಳಲ್ಲಿ ಸಾಕಿದ ಮೀನಿಗೆ ಸಂತೆಯಲ್ಲಿ ಬೇಡಿಕೆಯೂ ಇದೆ. ನಮ್ಮೂರ ಕೆರೆಯನ್ನು ಪಂಚಾಯಿತಿ ಹರಾಜಿನಲ್ಲಿ ಹಿಡಿದ ಗುಂಪಿನ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಅದೇ ಕೆರೆಯ ಅಚ್ಚುಕಟ್ಟಿನಲ್ಲಿ ನನ್ನ ಗದ್ದೆಯೂ ಇರುವುದರಿಂದ ಎರಡೂ ಕಡೆಯ ಸಂಕಟ ನನಗೆ ಗೊತ್ತು.

ನಾವು ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಆದ್ದರಿಂದ ಪ್ರತಿ ಮಳೆಗಾಲವೂ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಡಬೇಕು, ಅವು ಮಾರುವ ತೂಕಕ್ಕೆ ಬರಲು ಬೇಸಿಗೆಯವರೆಗೆ ಕೆರೆಯಲ್ಲಿ ನೀರು ನಿಲ್ಲಬೇಕು. ಗದ್ದೆಯವರಿಗೆ ನೀರು ಬೇಕಾಗುವುದೂ ಅದೇ ಬೇಸಿಗೆಯಲ್ಲಿ. ಹಿಂದಿನ ಗುತ್ತಿಗೆದಾರರ ಕಾಲದಲ್ಲಿ ಜಗಳವೆಲ್ಲ ಹುಟ್ಟುತ್ತಿದ್ದದ್ದು ತೂಬಿನ ಬಾಯಲ್ಲಿ: ರಾತ್ರಿ ಒಬ್ಬರು ತೆಗೆದರೆ ಬೆಳಿಗ್ಗೆ ಇನ್ನೊಬ್ಬರು ಮುಚ್ಚುತ್ತಿದ್ದರು.

ಸಭೆ ಕರೆಯುವಾಗ ಲಾಭದ ಪಾಲಿನ ಮಾತನ್ನು ಮೊದಲು ಎತ್ತಬಾರದೆಂದು ನಾನು ಗುಂಪಿನವರಲ್ಲಿ ಹಟ ಹಿಡಿದೆ. ಬೆಳೆಯದ ಮೀನಿನ ದುಡ್ಡನ್ನು ಹಂಚಲು ಕುಳಿತರೆ ಯಾರೂ ಯಾರನ್ನೂ ನಂಬುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಸಭೆಯನ್ನು ಪಂಚಾಯಿತಿ ಕಟ್ಟಡದ ಬದಲು ಕೆರೆಯ ಏರಿಯ ಮೇಲೆಯೇ ನಡೆಸಿ, ಅಚ್ಚುಕಟ್ಟಿನ ಕೊನೆಯ ಗದ್ದೆಯ ಹಿರಿಯರೊಬ್ಬರನ್ನು ತೂಬಿನ ಹತ್ತಿರ ಕರೆದೊಯ್ದೆವು. ಅವರು ತೂಬಿನ ಕಂಬದ ಮೇಲೆ ಕೈಯಿಟ್ಟು, “ತಮ್ಮಾ, ನೀರು ಇಲ್ಲಿಗೆ ಇಳಿಯುವವರೆಗೆ ನಮಗೆ ಬಿಡಿ, ಅದರ ಕೆಳಗಿನದ್ದು ಮೀನಿಗಿರಲಿ” ಎಂದರು. ಅವರ ಕೈಯಿದ್ದಲ್ಲಿ ಕೆಂಪು ಬಣ್ಣದ ಗೆರೆ ಎಳೆದೆವು. ಗೆರೆಯ ಕೆಳಗೆ ಉಳಿಯುವ ನೀರಿನ ಆಳವನ್ನು ಬಿದಿರಿನ ಕೋಲು ಇಳಿಸಿ ಎಲ್ಲರೆದುರೇ ಅಳೆದು, ಅಷ್ಟು ನೀರಿಗೆ ತಾಳುವಷ್ಟೇ ಮರಿ ಬಿಡುವುದೆಂದು ನಾವೂ ಒಪ್ಪಿಕೊಂಡೆವು.

ಇಂಥ ಕೆರೆಗಳಿಗೆ ಸಾಮಾನ್ಯವಾಗಿ ಹೆಕ್ಟೇರಿಗೆ 2,000ದಿಂದ 4,000 ಮರಿಗಳನ್ನು ಹೇಳುತ್ತಾರೆ. ನಾವು ಕಡಿಮೆಯ ಅಂಕಿಯನ್ನೇ ಆರಿಸಿಕೊಂಡೆವು. ಕೋಡಿ ಹರಿಯುವ ಭರ ಇಳಿದ ಮೇಲೆ, ಬೆರಳುದ್ದಕ್ಕೆ ಬೆಳೆದ ಮರಿಗಳನ್ನೇ ತರುತ್ತೇವೆ, ಏಕೆಂದರೆ ಚಿಕ್ಕ ಮರಿಗಳು ಕೊರವ ಮೀನಿನ ಹೊಟ್ಟೆ ಸೇರುತ್ತವೆ. ಚೀಲಗಳನ್ನು ಹದಿನೈದಿಪ್ಪತ್ತು ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ಬಿಸುಪಿಗೆ ಹೊಂದಿದ ನಂತರವೇ ಬಾಯಿ ಬಿಚ್ಚುತ್ತೇವೆ. ಕೋಡಿಗೆ ಬಲೆ ಕಟ್ಟುವ ದಿನ ಗದ್ದೆಯವರೂ ಬರುತ್ತಾರೆ.

ಗೊಬ್ಬರದ ವಿಷಯದಲ್ಲಿ ಹೆಂಗಸರ ಮಾತೇ ನಡೆಯಿತು. ಮೀನಿಗೆ ಆಹಾರವಾಗುವ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಹೆಚ್ಚಲೆಂದು ಕೋಳಿಗೊಬ್ಬರ ಸುರಿಯುವ ರೂಢಿ ಹಲವೆಡೆ ಇದೆ. ದನಕರು ಕುಡಿಯುವ, ಬಟ್ಟೆ ಒಗೆಯುವ ನೀರಿಗೆ ಅದನ್ನು ಹಾಕಕೂಡದೆಂದು ಅವರು ಖಡಾಖಂಡಿತವಾಗಿ ಹೇಳಿದರು, ಮತ್ತು ಅದು ನ್ಯಾಯವೇ ಆಗಿತ್ತು. ಕೊಳೆಯುವ ಗೊಬ್ಬರ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಮೋಡ ಕವಿದ ದಿನಗಳ ನಂತರ ನಸುಕಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ಬರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಅಕ್ಕಿತೌಡು, ಹಿಂಡಿಗಳನ್ನು ಮಿತವಾಗಿ ಹಾಕುತ್ತೇವೆ. ಮೇಲಿನ ಅನಾನಸ್ ಮತ್ತು ಶುಂಠಿ ಹೊಲದವರಲ್ಲಿ, ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ ಎಂದು ಕೇಳಿಕೊಂಡಿದ್ದೇವೆ. ಇದಿನ್ನೂ ಪೂರ್ತಿ ನಿಂತಿಲ್ಲ.

ಕಠಿಣವಾಗಿದ್ದದ್ದು ಕೆರೆಬೇಟೆ. ಬೇಸಿಗೆಯ ಕೊನೆಗೆ ಊರವರೆಲ್ಲ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಿಡಿದು ಕೆರೆಗಿಳಿಯುವ ಪದ್ಧತಿ ಇಲ್ಲಿ ಗುತ್ತಿಗೆಗಿಂತ ಬಹಳ ಹಳೆಯದು. ಅದನ್ನು ನಿಲ್ಲಿಸಿದರೆ ಮೀನುಗಾರಿಕೆ ಊರಿಗೆ ಬೇಡದ ಕೆಲಸವಾಗುತ್ತಿತ್ತು. ಕೊನೆಗೆ, ಗುಂಪು ಅಗಲ ಕಣ್ಣಿನ ಬಲೆಯಿಂದ ದೊಡ್ಡ ಮೀನುಗಳನ್ನು ಹಂತ ಹಂತವಾಗಿ ಹಿಡಿದು ಮುಗಿಸಿದ ಮೇಲೆ ಒಂದು ದಿನವನ್ನು ಊರಿಗೆ ಬಿಡುವುದು, ಕೂಣಿಗೆ ಇಷ್ಟೆಂದು ಸಂಗ್ರಹವಾದ ಹಣವನ್ನು ಏರಿಯ ದುರಸ್ತಿಗೆ ಇಡುವುದು ಎಂದಾಯಿತು. ಆ ದಿನ ಸಿಗುವ ಕೊರವ, ಮುರಗೋಡು ಮುಂತಾದ ನಾಡಮೀನುಗಳ ಮೇಲೆ ನಮ್ಮ ಗುಂಪು ಹಕ್ಕು ಹೇಳುವುದಿಲ್ಲ.

ಗುತ್ತಿಗೆಯ ಅವಧಿ ಮುಗಿದು ಬೇರೆಯವರು ಹರಾಜು ಹಿಡಿದರೆ ಈ ಬಾಯಿಮಾತಿನ ಒಪ್ಪಂದ ಅವರನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ತೂಬಿನ ಗೆರೆ, ಗೊಬ್ಬರದ ನಿರ್ಬಂಧ, ಕೆರೆಬೇಟೆಯ ದಿನ ಈ ಮೂರನ್ನೂ ಹರಾಜಿನ ಷರತ್ತಿನಲ್ಲಿಯೇ ಬರೆಯಬೇಕೆಂದು ಗ್ರಾಮಸಭೆಗೆ ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಗುಂಪಿನವರ ಜೊತೆಗೆ ಅಚ್ಚುಕಟ್ಟಿನ ರೈತರೂ ಸಹಿ ಹಾಕಿದ್ದಾರೆ.