ತೊಡೆಯ ಓರೆ ಹೇಳಿದ ಲೆಕ್ಕ: ನನ್ನ ಅನುಭವ

ಕೆಲಸದ ನಡುವೆ ಹೊತ್ತುಗಟ್ಟಲೆ ಕುಳಿತೇ ಇರುವುದನ್ನು ತಪ್ಪಿಸಲು ನಮ್ಮ ತಂಡದ ಕಂಪ್ಯೂಟರುಗಳಲ್ಲಿ ಪ್ರತಿ 30 ನಿಮಿಷಕ್ಕೊಮ್ಮೆ ‘ಎದ್ದು ನಿಲ್ಲಿ’ ಎಂಬ ಸೂಚನೆ ಮೂಡುವಂತೆ ಮಾಡಿದವನು ನಾನೇ. ಮೊದಲ ವಾರ ಎಲ್ಲರೂ ಎದ್ದರು. ಮೂರನೆಯ ವಾರದ ಹೊತ್ತಿಗೆ ಸೂಚನೆಯನ್ನು ಓದುವ ಮೊದಲೇ ಬೆರಳು ಅದನ್ನು ಮುಚ್ಚಿಬಿಡುತ್ತಿತ್ತು. ನನ್ನ ಬೆರಳೂ ಇದಕ್ಕೆ ಹೊರತಾಗಿರಲಿಲ್ಲ.

ಎಷ್ಟು ಹೊತ್ತು ಕುಳಿತಿದ್ದೇವೆಂದು ಅಳೆಯುವ ತೊಡಕು ಇನ್ನೂ ದೊಡ್ಡದಿತ್ತು. ಮಣಿಕಟ್ಟಿನ ಸ್ಮಾರ್ಟ್‌ವಾಚ್ ಕೈಯ ಚಲನೆಯಿಂದ ಊಹಿಸುತ್ತದೆಯೇ ಹೊರತು ದೇಹ ಕುಳಿತಿದೆಯೋ ನಿಂತಿದೆಯೋ ಎಂಬುದನ್ನು ನೇರವಾಗಿ ಅರಿಯದು; ಕುಳಿತಲ್ಲೇ ಕೈ ಬೀಸಿ ವಾದಿಸಿದ ದಿನ ನನ್ನ ವಾಚು ನಾನು ಎದ್ದೆನೆಂದೇ ಬರೆದುಕೊಂಡಿತ್ತು. ಸಂಶೋಧಕರು ಭಂಗಿಯನ್ನು ಅಳೆಯಲು ಚಲನಮಾಪಕವನ್ನು ತೊಡೆಗೆ ಅಂಟಿಸುವುದುಂಟು, ಏಕೆಂದರೆ ಕುಳಿತಾಗ ತೊಡೆ ನೆಲಕ್ಕೆ ಸಮಾನಾಂತರವಾಗಿಯೂ ನಿಂತಾಗ ಲಂಬವಾಗಿಯೂ ಇರುತ್ತದೆ. ಪ್ಯಾಂಟಿನ ಮುಂಜೇಬಿನಲ್ಲಿರುವ ಫೋನು ಕೂಡ ಗುರುತ್ವದ ದಿಕ್ಕನ್ನು ಗುರುತಿಸಬಲ್ಲದಾದ್ದರಿಂದ, ಅದರ ಓರೆಯನ್ನು ನಿಮಿಷಕ್ಕೊಮ್ಮೆ ದಾಖಲಿಸುವ ಪುಟ್ಟ ಆ್ಯಪ್ ಒಂದನ್ನು ಬರೆದುಕೊಂಡೆ. ದಿನದ ಒಟ್ಟು ಮೊತ್ತಕ್ಕಿಂತ ಒಂದೇ ಸಮನೆ ಕುಳಿತ ಅವಧಿಗಳೇ ನನ್ನನ್ನು ಬೆಚ್ಚಿಬೀಳಿಸಿದವು: ಓಡಾಟದ ದಿನವೆಂದು ನಾನು ಭಾವಿಸಿದ್ದ ದಿನದಲ್ಲೂ ಎರಡು ಗಂಟೆ ಕದಲದೆ ಕುಳಿತ ಅವಧಿಯೊಂದಿತ್ತು.

ಅನಂತರ ಗಡಿಯಾರದ ಲೆಕ್ಕದಲ್ಲಿ ಸೂಚನೆ ಕೊಡುವುದನ್ನು ಬಿಟ್ಟೆ. ಅರ್ಧ ಗಂಟೆ ಕುಳಿತದ್ದು ದಾಖಲಾದ ಮೇಲೂ ಸೂಚನೆ ತಕ್ಷಣ ಬರುವುದಿಲ್ಲ. ಕರೆಯೊಂದು ಮುಗಿಯುವವರೆಗೆ, ಇಲ್ಲವೇ ಕೀಲಿಮಣೆಯೂ ಮೌಸೂ 20 ಸೆಕೆಂಡು ಸುಮ್ಮನಾಗುವವರೆಗೆ ಕಾಯುತ್ತದೆ. ಕೆಲಸ ತಾನಾಗಿ ತುಂಡಾಗುವ ಆ ಹೊತ್ತಿನಲ್ಲಿ ಏಳುವುದು ಯಾರಿಗೂ ಭಾರವೆನಿಸಲಿಲ್ಲ. ಅರ್ಧ ಗಂಟೆಯೆಂಬುದು ನಾನೇ ಆರಿಸಿಕೊಂಡ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕುಳಿತುಕೊಳ್ಳುವುದನ್ನು ಕಡಿಮೆ ಮಾಡಿ ಆ ಹೊತ್ತನ್ನು ಚಟುವಟಿಕೆಗೆ ಕೊಡಲು ಹೇಳುತ್ತದೆಯೇ ಹೊರತು ಇಷ್ಟೇ ನಿಮಿಷವೆಂದು ಗೆರೆ ಎಳೆದಿಲ್ಲ. ವಯಸ್ಕರಿಗೆ ಅದು ಹೇಳುವ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಗೆ ಈ ಎದ್ದು ನಿಲ್ಲುವಿಕೆ ಬದಲಿಯೂ ಅಲ್ಲ. ಮೋಟಾರಿನಿಂದ ಏರಿಳಿಯುವ ಮೇಜುಗಳನ್ನೂ ತರಿಸಿದ್ದೆವು. ಅವುಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳಲ್ಲಿ ಕೆಳಗಿನ ಎತ್ತರದಲ್ಲೇ ನೆಲೆಯಾದವು.

ಯಾರು ಎಷ್ಟು ಕುಳಿತರೆಂಬ ಪಟ್ಟಿಯನ್ನು ಮೇಲಧಿಕಾರಿಯೊಬ್ಬರು ಕೇಳಿದರು. ದಾಖಲೆ ಆಯಾ ಫೋನಿನಿಂದ ಹೊರಗೆ ಹೋಗದಂತೆ ಆರಂಭದಲ್ಲೇ ಬರೆದಿದ್ದರಿಂದ ಕೊಡಲು ನನ್ನ ಬಳಿ ಏನೂ ಇರಲಿಲ್ಲ, ಮತ್ತು ಆ ಮಾತು ಹಬ್ಬಿದ ಮೇಲೆಯೇ ಉಳಿದ ಸಹೋದ್ಯೋಗಿಗಳು ಆ್ಯಪ್ ಹಾಕಿಕೊಂಡರು. ಜೇಬಿಲ್ಲದ ಉಡುಪಿನವರಿಗೆ ಮಾತ್ರ ಇದು ಇನ್ನೂ ಒದಗಿಲ್ಲ. ತೊಡೆಗೆ ಕಟ್ಟುವ ಪಟ್ಟಿಯನ್ನು ಕೊಟ್ಟು ನೋಡಿದೆ, ಎರಡು ದಿನಕ್ಕಿಂತ ಹೆಚ್ಚು ಯಾರೂ ಕಟ್ಟಿಕೊಳ್ಳಲಿಲ್ಲ.